ಇತಿಹಾಸ ಐಚ್ಛಿಕ ತೆಗೆದು ಬಿಸಿಎ ಲ್ಯಾಬ್ ಮಾಡ್ತಾರಂತೆ, ಸಭೆಯಲ್ಲಿ ಎಂತ ಹೇಳುವುದು?

ಪಡುಬಿದ್ರಿ ಪಾಸೆಂಜರ್

ಎಲ್ಲರಿಗೂ ನಮಸ್ಕಾರ. ನಾನು ಬಿಕಾಂ ಓದಿದ ಕಾಲೇಜಿನ ಹಳೆ ವಿದ್ಯಾರ್ಥಿ ಸಂಘದಿಂದ ಮೆಸೇಜ್ ಬಂದಿದೆ. ಬರುವ ವರ್ಷದಿಂದ ಬಿಎಯಲ್ಲಿ ಇತಿಹಾಸ, ಕನ್ನಡ ಐಚ್ಛಿಕ ಇರುವ ಕಾಂಬಿನೇಶನ್ ನಿಲ್ಲಿಸಿ ಆ ಕೋಣೆಗಳಲ್ಲಿ ಬಿಸಿಎಗೆ ಲ್ಯಾಬ್ ಮಾಡುವ ಆಲೋಚನೆ ಆಡಳಿತ ಮಂಡಳಿಗೆ ಉಂಟಂತೆ. ಅಡ್ಮಿಶನ್ ಕಡಿಮೆ, ಸಂಬಳಕ್ಕೆ ಹುಟ್ಟುವುದಿಲ್ಲ, ಇದು ಕಾರಣ. ಉಡುಪಿ ಜಿಲ್ಲೆಯ ಕಾಲೇಜು ಅಂತಷ್ಟೇ ಹೇಳ್ತೇನೆ, ಹೆಸರು ಹಾಕುವುದಿಲ್ಲ. ದಯವಿಟ್ಟು ಊಹಿಸಲಿಕ್ಕೂ ಹೋಗಬೇಡಿ. ಬರುವ ಭಾನುವಾರ ಸಭೆ.

ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವನು. ಮಂಡಳಿಯವರ ಲೆಕ್ಕ ನನಗೆ ಅರ್ಥ ಆಗ್ತದೆ. ಹಾಗಂತ ಸುಮ್ಮನೆ ಕೈ ಎತ್ತಿ ಬರಲಿಕ್ಕೂ ಮನಸ್ಸು ಒಪ್ಪುವುದಿಲ್ಲ. ವಿರೋಧ ಮಾಡುವುದಾದರೆ ಸಂಸ್ಕೃತಿ, ಮೌಲ್ಯ ಅಂತ ಭಾಷಣ ಬಿಗಿಯುವುದು ಬೇಡ. ಅದನ್ನು ಕೇಳಿ ಕೇಳಿ ಮಂಡಳಿಯವರಿಗೂ ಅಭ್ಯಾಸ ಆಗಿದೆ, ಚಪ್ಪಾಳೆ ತಟ್ಟಿ ಮಾಡುವುದನ್ನೇ ಮಾಡ್ತಾರೆ. ಮಾನವಿಕ ವಿಷಯಗಳಿಂದ ಓದುವವರಿಗೆ, ಸಂಶೋಧನೆಗೆ, ಅದೂ ನಮ್ಮ ಕರಾವಳಿಯಲ್ಲಿ, ನಿಜವಾಗಿ ಎಂತ ಸಿಕ್ಕಿದೆ? ಕೈಯಲ್ಲಿ ಹಿಡಿದು ತೋರಿಸುವಂಥದ್ದು ಇದ್ದರೆ ಹೇಳಿ.

ಸುರತ್ಕಲ್ ಬೈಟ್

ಅಣ್ಣ, ನೇರ ಹೇಳ್ತೇನೆ, ಬೇಜಾರು ಮಾಡ್ಬೇಡಿ. ಮುಚ್ಚಲಿ.

ಪಿಯುಸಿ ರಿಸಲ್ಟ್ ಬಂದ ದಿನ ನಮ್ಮ ಎರಡು ಜಿಲ್ಲೆಗಳೇ ರಾಜ್ಯಕ್ಕೆ ಮೇಲೆ ಅಂತ ನಾವೆಲ್ಲ ಸ್ಟೇಟಸ್ ಹಾಕ್ತೇವೆ. ಪೇಪರಿನಲ್ಲಿ ಫೋಟೋ ಬರುವ ಆ ಮಕ್ಕಳಲ್ಲಿ ಬಿಎಗೆ ಹೋಗುವವರು ಎಷ್ಟು ಜನ? ಬೇರೆ ಕಡೆ ಸೀಟು ಸಿಗದವರು ಸೇರ್ತಾರೆ, ಪರೀಕ್ಷೆ ಹತ್ತಿರ ಬಂದಾಗ ಗೈಡ್ ತೆಗೆದುಕೊಳ್ತಾರೆ, ಪಾಸಾಗ್ತಾರೆ, ಆಮೇಲೆ ಯಾವುದಾದರೂ ಫೈನಾನ್ಸಿನಲ್ಲಿ ಕಲೆಕ್ಷನ್ ಕೆಲಸ. ಇದಕ್ಕೆ ಮೂರು ವರ್ಷ ಬೇಕಾ?

ಇತಿಹಾಸ, ಸಾಹಿತ್ಯ ಎಲ್ಲ ಆಸಕ್ತಿ ಇದ್ದವನು ಮನೆಯಲ್ಲೇ ಓದಿಕೊಳ್ಳಬಹುದು. ಕೋಟದ ಶಿವರಾಮ ಕಾರಂತರು ಕಾಲೇಜು ಅರ್ಧಕ್ಕೆ ಬಿಟ್ಟವರು. ಮಂಜೇಶ್ವರದ ಗೋವಿಂದ ಪೈಗಳೂ ಬಿಎ ಮುಗಿಸಲಿಲ್ಲ. ಅವರಿಬ್ಬರು ಮಾಡಿದ್ದರಲ್ಲಿ ಕಾಲು ಭಾಗ ಈಗಿನ ಯಾವ ಡಿಪಾರ್ಟ್‌ಮೆಂಟ್ ಮಾಡಿದೆ? ಲ್ಯಾಬ್ ಇಲ್ಲದೆ ಕಂಪ್ಯೂಟರ್ ಕಲಿಸಲಿಕ್ಕೆ ಆಗುವುದಿಲ್ಲ. ಕ್ಲಾಸಿಲ್ಲದೆ ಕಾದಂಬರಿ ಓದಬಹುದು.

ಬಜ್ಪೆಯ ಅಮ್ಮ

ನನ್ನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕು ತೆಗೆದು ಆರ್ಟ್ಸ್ ಬೇಕು ಅಂದಳು. ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಕೇಳಿದರು, "ಪಾಪ, ಎಂತ ಆಯ್ತು, ಮಾರ್ಕು ಬರ್ಲಿಲ್ವಾ?" ಮಗಳ ಎದುರೇ ಕೇಳಿದ್ದು. ಸಾವಿನ ಮನೆಗೆ ಬಂದವರ ದನಿ ಇತ್ತು ಅದರಲ್ಲಿ.

ಅದು ಬಿಡಿ. ನಮ್ಮ ಹತ್ತಿರದ ಖಾಸಗಿ ಪಿಯು ಕಾಲೇಜುಗಳಿಗೆ ಫೋನ್ ಮಾಡಿದರೆ ಸೈನ್ಸ್ ಉಂಟು, ಕಾಮರ್ಸ್ ಉಂಟು, ಆರ್ಟ್ಸ್ ಇಲ್ಲವೇ ಇಲ್ಲ. ಎರಡು ಬಸ್ಸು ಹತ್ತಿ ಹೋಗಬೇಕು. ಅಂಗಡಿಯಲ್ಲಿ ಸಾಮಾನೇ ಇಡದೆ ಗಿರಾಕಿ ಕೇಳುವುದಿಲ್ಲ ಅಂದರೆ ಹೇಗೆ ಮಾರಾಯ್ರೆ?

ಹಳೆ ಪುಸ್ತಕದಂಗಡಿ

ಬೈಟ್ ಅವರು ಕಾರಂತರ, ಪೈಗಳ ಹೆಸರು ತೆಗೆದದ್ದು ಒಳ್ಳೆದಾಯ್ತು. ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದವನು ನಾನು. ಈ ಮಾತನ್ನು ಎಷ್ಟು ಸಭೆಗಳಲ್ಲಿ ಕೇಳಿದ್ದೇನೋ.

ಗೋವಿಂದ ಪೈಗಳು ಅನುಕೂಲಸ್ಥ ಮನೆತನದವರು. ಹೊಟ್ಟೆಪಾಡಿಗೆ ದುಡಿಯಬೇಕಾದ ಒತ್ತಡ ಇಲ್ಲದ್ದರಿಂದ ಹತ್ತಾರು ಭಾಷೆ ಕಲಿತು ಮನೆಯಲ್ಲೇ ಕೂತು ಶಾಸನ, ಕಾಲನಿರ್ಣಯ ಅಂತ ತಲೆ ಕೆಡಿಸಿಕೊಳ್ಳಲಿಕ್ಕೆ ಆಯ್ತು. ಕಾರಂತರು ಪುತ್ತೂರಿನಲ್ಲಿ ಅಚ್ಚುಕೂಟ ನಡೆಸಿದರು, ಶಾಲೆ ಮಕ್ಕಳಿಗೆ ಪಠ್ಯ ಬರೆದರು, ಬಾಲಪ್ರಪಂಚ, ವಿಜ್ಞಾನ ಪ್ರಪಂಚ ಬರೆದರು, ಕೈಸುಟ್ಟುಕೊಂಡರು, ಮತ್ತೆ ಬರೆದರು. ಅಂಥವರು ನೂರು ವರ್ಷಕ್ಕೆ ಇಬ್ಬರು. ಅವರನ್ನು ತೋರಿಸಿ ಬಡವರ ಮಕ್ಕಳಿಗೆ "ನೀವೂ ಮನೆಯಲ್ಲೇ ಓದಿ" ಅನ್ನುವುದು ಸರಿಯಲ್ಲ. ಅವರಿಗೆ ಮನೆಯಲ್ಲಿ ಪುಸ್ತಕ ಎಲ್ಲಿ ಉಂಟು? ಇನ್ನೊಂದು ಸಂಗತಿ. ಪೈಗಳು ಹೋದ ಮೇಲೆ ಅವರ ಪುಸ್ತಕಗಳು ಎಲ್ಲಿ ಉಳಿದವು? ಉಡುಪಿಯ ಎಂಜಿಎಂ ಕಾಲೇಜಿನಲ್ಲಿ, ಅವರದೇ ಹೆಸರಿನ ಸಂಶೋಧನ ಕೇಂದ್ರದಲ್ಲಿ. ಒಬ್ಬಂಟಿಯಾಗಿ ದುಡಿದ ವಿದ್ವಾಂಸನ ಸಂಗ್ರಹಕ್ಕೂ ಕೊನೆಗೆ ಆಸರೆ ಕೊಟ್ಟದ್ದು ಒಂದು ಕಾಲೇಜು.

ಪಾಸೆಂಜರ್ ಕೈಯಲ್ಲಿ ಹಿಡಿದು ತೋರಿಸುವಂಥದ್ದು ಕೇಳಿದ್ದಾರಲ್ಲ, ಅದೇ ಕೇಂದ್ರದ ತುಳು ನಿಘಂಟನ್ನು ಹಿಡಿದುಕೊಂಡು ಹೋಗಿ. ಆರು ಸಂಪುಟ, ಒಂದೇ ಕೈಯಲ್ಲಿ ಹಿಡಿಯಲಿಕ್ಕೆ ಆಗ್ಲಿಕ್ಕಿಲ್ಲ! ಅದಕ್ಕೆ ಮೊದಲು ಬಾಸೆಲ್ ಮಿಶನಿನ ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕೋಶ ಇತ್ತು. ಎಂಜಿಎಂನವರು ಯೋಜನೆ ಶುರು ಮಾಡಿದ್ದು 1979ರಲ್ಲಿ, ಕು.ಶಿ. ಹರಿದಾಸ ಭಟ್ಟರ ಮುಂದಾಳುತನದಲ್ಲಿ. ಸಂಪಾದಕರು ಯು.ಪಿ. ಉಪಾಧ್ಯಾಯರು, ಜೊತೆಗೆ ಸುಶೀಲಾ ಉಪಾಧ್ಯಾಯರು. ಮೊದಲ ಸಂಪುಟ 1988ರಲ್ಲಿ, ಕೊನೆಯದು 1997ರಲ್ಲಿ. ಹದಿನೆಂಟು ವರ್ಷ. ಕಾರ್ಕಳದ ತುಳು ಬೇರೆ, ಪುತ್ತೂರಿನದು ಬೇರೆ, ಕಾಸರಗೋಡಿನದು ಇನ್ನೂ ಬೇರೆ. ಒಂದೇ ಊರಿನಲ್ಲಿ ಜಾತಿಯಿಂದ ಜಾತಿಗೆ ಬೇರೆ. ಉಳುವವನ ಹತ್ತಿರ, ಬಲೆ ಬೀಸುವವನ ಹತ್ತಿರ, ತುಳು ಜನಪದ ಹಾಡು ಪಾಡ್ದನ ಹೇಳುವ ಅಜ್ಜಿಯ ಹತ್ತಿರ ಕೂತು ಕೇಳಿ ಬರೆದುಕೊಳ್ಳಬೇಕು, ಆಮೇಲೆ ಒಂದರ ಪಕ್ಕ ಒಂದು ಇಟ್ಟು ನೋಡಬೇಕು. ಹದಿನೆಂಟು ವರ್ಷ ಲಾಭ ಇಲ್ಲದೆ ಕಾಯುವ ಕಂಪೆನಿ ಯಾವುದುಂಟು?

ವಿಜ್ಞಾನದ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಇಷ್ಟು ವ್ಯತ್ಯಾಸ ಉಂಟು. ಸುರತ್ಕಲ್ಲಿನಲ್ಲಿ ಒಂದು ಮಿಶ್ರಲೋಹದ ಸಂಶೋಧನೆ ನಿಂತರೆ ಅದನ್ನು ಮದ್ರಾಸಿನಲ್ಲೋ ಜರ್ಮನಿಯಲ್ಲೋ ಯಾರಾದರೂ ಮುಂದುವರಿಸ್ತಾರೆ. ಬಾರ್ಕೂರಿನ ಶಾಸನ, ಬೆಳ್ತಂಗಡಿಯ ಪಾಡ್ದನ ನಾವು ಬಿಟ್ಟರೆ ಬೇರೆ ಯಾರು ಮಾಡ್ತಾರೆ? ಪಾದೂರು ಗುರುರಾಜ ಭಟ್ಟರು ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರು. ದೇವಸ್ಥಾನದಿಂದ ದೇವಸ್ಥಾನಕ್ಕೆ, ಹಾಳು ಬಿದ್ದ ಗುಡಿಗಳಿಗೂ ಹೋಗಿ ವಿಗ್ರಹ, ಶಾಸನ ನೋಡಿ 1975ರಲ್ಲಿ ತುಳುನಾಡಿನ ಇತಿಹಾಸ ಪ್ರಕಟಿಸಿದರು. ಈಗಲೂ ಯಾರಾದರೂ ಆ ಕಾಲದ ಬಗ್ಗೆ ಬರೆಯುವಾಗ ಮೊದಲು ತೆಗೆಯುವುದು ಅದನ್ನೇ. ಅವರಿಗೆ ಸಂಬಳ ಬರ್ತಾ ಇದ್ದದ್ದು ಕಾಲೇಜಿನಿಂದ.

ಬೈಂದೂರ್ ಬದಿಯವ

ಅದೆಲ್ಲ ಸರಿ ಮೇಷ್ಟ್ರೆ, ಕೆಲ್ಸ ಸಿಕ್ಕುದಿಲ್ಲ ಅಂದ್ರೆ ಮಕ್ಳ್ ಸೇರ್ತ್ರಾ?

ಕುಮ್ಕಿ ವಕೀಲ

ಕೆಲಸದ ಮಾತು ಬಂತಲ್ಲ, ನನ್ನ ಆಫೀಸಿನದ್ದು ಹೇಳ್ತೇನೆ. ಪುತ್ತೂರು, ಬಂಟ್ವಾಳ ಕೋರ್ಟುಗಳಲ್ಲಿ ಸಿವಿಲ್ ಕೇಸು ನಡೆಸುವವನು ನಾನು. ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು. ಜಾಗದ ತಕರಾರು ಸ್ವಲ್ಪ ಅಗೆದರೆ ಸೀದಾ ಆ ಕಾಲಕ್ಕೆ ಹೋಗಿ ಮುಟ್ಟುತ್ತದೆ. ಕದೀಂ ವರ್ಗ, ಅಂದರೆ ಬಹಳ ಹಿಂದಿನಿಂದ ಬಂದ ಪಟ್ಟಾ ಜಾಗ, ಇದ್ದವನಿಗೆ ಸುತ್ತ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆ ತೆಗೆಯುವ ಕುಮ್ಕಿ ಸೌಲಭ್ಯ ಉಂಟಲ್ಲ, ಘಟ್ಟದ ಮೇಲಿನ ಅಧಿಕಾರಿ ಬಂದರೆ ಅವರಿಗೆ ಅದನ್ನು ವಿವರಿಸುವುದರಲ್ಲೇ ಅರ್ಧ ದಿನ ಹೋಗ್ತದೆ. ಮೂಲಗೇಣಿಯವರಿಗೆ, ಅಂದರೆ ಶಾಶ್ವತ ಗೇಣಿಯವರಿಗೆ, ಹಕ್ಕು ಕೊಡಲಿಕ್ಕೆ 2011ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂತು. ಮೂಲಗೇಣಿ ಹೌದಾ, ಶಾಶ್ವತ ಅಲ್ಲದ ಚಾಲಗೇಣಿಯಾ ಅಂತ ಗೊತ್ತಾಗುವುದು ಹಳೆ ಚೀಟು ಓದಿದ ಮೇಲೆ.

ಅಕ್ಷರ ಓದುವುದು ದೊಡ್ಡ ಸಂಗತಿ ಅಲ್ಲ, ಕೂಡುಬರಹ ನಾಲ್ಕು ತಿಂಗಳಲ್ಲಿ ರೂಢಿ ಆಗ್ತದೆ. ಒಮ್ಮೆ ಒಂದು ಅಳಿಯಸಂತಾನದ, ಅಂದರೆ ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿದು ಬರುವ, ಕುಟುಂಬದ ಪಾಲಿನ ಕೇಸು ಬಂತು. ಎಲ್ಲ ಕಾಗದದಲ್ಲೂ ಒಬ್ಬ ಮಾವನ ಹೆಸರು, ತೀರ್ವೆ (ಭೂಕಂದಾಯ) ಕಟ್ಟಿದ್ದೂ ಅವನ ಹೆಸರಿನಲ್ಲೇ. ಬುದ್ಧಿವಂತ ಜೂನಿಯರ್ ಒಬ್ಬ ಸೀದಾ ಅದನ್ನು ಮಾವನ ಸ್ವಂತ ಆಸ್ತಿ ಅಂತ ನೋಟ್ಸ್ ಮಾಡಿ ತಂದ. ಇನ್ನೊಬ್ಬಳು ಬಿಎ ಇತಿಹಾಸ ಮಾಡಿ ಎಲ್‌ಎಲ್‌ಬಿಗೆ ಬಂದವಳು. ಅವಳು ಕೇಳಿದಳು: "ಸರ್, ಇವನು ಎಜಮಾನ ಆಗಿ ಬರೆಸಿದ್ದಾ, ತನಗೆ ಅಂತ ಬರೆಸಿದ್ದಾ? ಅಕ್ಕನ ಮಕ್ಕಳು ಆ ಮನೆಯಲ್ಲೇ ಇದ್ರಾ? ಗೇಣಿ ಅಕ್ಕಿ ಯಾರ ಮನೆ ಅಂಗಳಕ್ಕೆ ಬರ್ತಿತ್ತು?" 1949ರ ಅಳಿಯಸಂತಾನ ಕಾಯ್ದೆ ಇಬ್ಬರೂ ಓದಿದ್ದರು. ಕವರು (ಹೆಣ್ಣಿನ ಸಾಲಿನ ಕುಟುಂಬ ಶಾಖೆ) ಅಂದರೆ ಎಂತ ಅಂತ ಇಬ್ಬರಿಗೂ ಬಾಯಿಪಾಠ. ಆದರೆ ಈ ಕಾಗದ ಬರೆಸಿದವನು ಯಾರು, ಯಾರಿಗೆ ತೋರಿಸಲಿಕ್ಕೆ ಬರೆಸಿದ, ಯಾವ ಮಾತನ್ನು ಬಿಟ್ಟುಬಿಟ್ಟ ಅಂತ ಕೇಳುವ ಅಭ್ಯಾಸ ಅವಳಿಗೊಬ್ಬಳಿಗೇ ಇತ್ತು. ಕೇಸು ನಿಂತದ್ದು ಆ ಪ್ರಶ್ನೆಯ ಮೇಲೆ.

ಅಂಥ ಇನ್ನೊಬ್ಬರು ಸಿಕ್ಕಿದರೆ ನಾಳೆಯೇ ಸೇರಿಸಿಕೊಳ್ತೇನೆ, ಸಿಕ್ಕುವುದಿಲ್ಲ.

ಸುರತ್ಕಲ್ ಬೈಟ್

ವಕೀಲರೇ, ಕಥೆ ಚೆನ್ನಾಗಿದೆ. ಆದರೆ ನಿಮಗೆ ಬೇಕಾದ್ದಕ್ಕೆ ಆರು ತಿಂಗಳ ಡಿಪ್ಲೊಮಾ ಸಾಕು. ಅದಕ್ಕಾಗಿ ಮೂರು ವರ್ಷ ಮೊಘಲರು, ಮರಾಠರು, ಫ್ರೆಂಚ್ ಕ್ರಾಂತಿ ಎಲ್ಲ ಯಾಕೆ?

ಅತಿಥಿ ಉಪನ್ಯಾಸಕಿ

ಬೈಟ್ ಹೇಳುವುದರಲ್ಲಿ ಅರ್ಧ ನಿಜ ಅಂತ ನಾನೇ ಒಪ್ತೇನೆ, ಇತಿಹಾಸ ಕಲಿಸುವವಳಾಗಿ. ಗೈಡ್ ಓದಿ ಪಾಸಾಗುವುದು ಹೌದು. ಪ್ರಶ್ನೆಪತ್ರಿಕೆ ಹಾಗೇ ಇರುವಾಗ ಮಕ್ಕಳನ್ನು ಬೈದು ಎಂತ ಪ್ರಯೋಜನ? ಪಠ್ಯವೂ ನಿಲ್ಲುವುದಿಲ್ಲ. 2021ರಲ್ಲಿ ಹೊಸ ಶಿಕ್ಷಣ ನೀತಿ ಅಂತ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಅದು ಹೋಗಿ ಮೂರು ವರ್ಷ ಪುನಃ ಬಂತು. ಪ್ರತಿ ಸಲ ಹೊಸ ಸಿಲೆಬಸ್, ಪ್ರತಿ ಸಲ ನಮ್ಮ ವರ್ಕ್‌ಲೋಡ್ ಅಲುಗಾಡ್ತದೆ. ಜೂನ್ ಬಂದರೆ ಈ ವರ್ಷ ಕೆಲಸ ಉಂಟಾ ಇಲ್ವಾ ಅಂತ ನಮಗೇ ಗೊತ್ತಿರುವುದಿಲ್ಲ. ಹೀಗಿರುವಾಗ ಸಂಶೋಧನೆ ಮಾಡಿ ಅಂತ ಉಪದೇಶ ಮಾಡುವವರನ್ನು ಕಂಡರೆ ನಗು ಬರ್ತದೆ.

ಆದರೂ ಕ್ಲಾಸಿನ ಒಂದು ಸಂಗತಿ ಹೇಳ್ತೇನೆ. ಎರಡನೇ ವರ್ಷದವರಿಗೆ ಪ್ರಾಜೆಕ್ಟ್ ಕೊಟ್ಟೆ: ನಿಮ್ಮ ಮನೆಯ ಕಪಾಟಿನಲ್ಲಿರುವ ಅತಿ ಹಳೆ ಕಾಗದದ ಫೋಟೋ ತೆಗೆದುಕೊಂಡು ಬನ್ನಿ, ಅದರ ಬಗ್ಗೆ ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಅಂತರ್ಜಾಲದಿಂದ ಕದಿಯಲಿಕ್ಕೆ ಆಗದ ಪ್ರಾಜೆಕ್ಟ್ ಅಂತ ಅಷ್ಟೇ ನನ್ನ ಲೆಕ್ಕ ಇದ್ದದ್ದು. ಬಾಂಬೆ ಹೋಟೆಲಿನಿಂದ ಅಜ್ಜ ಬರೆದ ಇನ್‌ಲ್ಯಾಂಡ್ ಪತ್ರ, ಹಂಚಿನ ಕಾರ್ಖಾನೆಯ ಹಾಜರಿ ಚೀಟಿ, ಬೀಡಿ ಬ್ರಾಂಚಿನ ಪುಸ್ತಕ, ಏನೇನೋ ಬಂತು. ಒಬ್ಬ ಹುಡುಗ ಭೂ ನ್ಯಾಯಮಂಡಳಿಯ ಆದೇಶ ತಂದ. ಅವನ ಅಜ್ಜ ಗೇಣಿಗೆ ಉಳುವವನು ನಾನು ಅಂತ ಡಿಕ್ಲರೇಶನ್ ಅರ್ಜಿ ಕೊಟ್ಟು ಜಾಗ ಆದದ್ದು. ಫ್ರೇಮ್ ಹಾಕಿಸಿ ದೇವರ ಫೋಟೋದ ಪಕ್ಕ ಇಟ್ಟಿದ್ದಾರಂತೆ. ಅದೇ ಗ್ರಾಮದ ಒಬ್ಬಳು ಹುಡುಗಿಯೂ ಅಂಥದ್ದೇ ಆದೇಶ ತಂದಳು, ಅದು ಅವರ ಜಾಗ ಹೋದ ಕಾಗದ. ಅವಳ ಅಜ್ಜಿ ಅದನ್ನು ಸೀರೆಗಳ ಅಡಿಯಲ್ಲಿ ಇಟ್ಟಿದ್ದರಂತೆ, ಯಾರಿಗೂ ತೋರಿಸಿರಲಿಲ್ಲ.

ಆ ದಿನ ಕ್ಲಾಸಿನಲ್ಲಿ ಗಲಾಟೆಯೇ ಆಯಿತು. "ನಮ್ಮ ಅಜ್ಜ ದುಡಿದದ್ದು" ಅಂತ ಅವನು, "ಅಜ್ಜ ತೀರಿಹೋಗಿ ಅಜ್ಜಿ ಒಬ್ಬರೇ ಇದ್ದದ್ದು, ಅವರಿಗೆ ಗೇಣಿ ಬಿಟ್ಟರೆ ಬೇರೆ ಎಂತ ಇತ್ತು?" ಅಂತ ಇವಳು. ನಾನು ತೀರ್ಪು ಕೊಡಲಿಲ್ಲ. 1974ರ ಮಾರ್ಚ್ ಒಂದರಿಂದ ಜಾರಿಗೆ ಬಂದ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಎಂತ ಹೇಳ್ತದೆ ಓದಿದೆವು. ಡಿಕ್ಲರೇಶನ್ ಕೊಡುವ ಫಾರ್ಮ್ 7ರಲ್ಲಿ ಎಂತೆಂತ ಕೇಳ್ತಿದ್ದರು, ಸಾಕ್ಷಿ ಹೇಳಿದವರು ಯಾರು ನೋಡಿದೆವು. ಅಜ್ಜಿ ಹೇಳಿದ ವರ್ಷ ಕಾಗದದ ವರ್ಷಕ್ಕೆ ತಾಳೆ ಆಗಲಿಲ್ಲ. ಅಜ್ಜಿ ಸುಳ್ಳು ಹೇಳಿದರಾ? ಇಲ್ಲ. ಅವರಿಗೆ ಜಾಗ ಹೋದದ್ದು ಆದೇಶ ಬಂದ ದಿನ ಅಲ್ಲ, ಗೇಣಿ ಅಕ್ಕಿ ಬರುವುದು ನಿಂತ ದಿನ. ಅದನ್ನು ಕಂಡುಹಿಡಿದದ್ದು ಆ ಹುಡುಗನೇ, ಅವಳಲ್ಲ.

ಬೈಟ್ ಸರ್, ಆರು ತಿಂಗಳ ಡಿಪ್ಲೊಮಾದಲ್ಲಿ ಕಾಗದ ಓದಲಿಕ್ಕೆ ಕಲಿಸಬಹುದು. ಎದುರಿನವನ ಕಾಗದವನ್ನು ಓದುವಷ್ಟು ತಾಳ್ಮೆ ಅಷ್ಟರಲ್ಲಿ ಬರುವುದಿಲ್ಲ. ಫ್ರೆಂಚ್ ಕ್ರಾಂತಿಯೂ ಬೇಕು. ಇಲ್ಲದಿದ್ದರೆ ಜಮೀನ್ದಾರಿ, ಒಕ್ಕಲುತನ ಎಲ್ಲ ನಮ್ಮ ಗ್ರಾಮದಲ್ಲಿ ಮಾತ್ರ ಆದದ್ದು ಅಂತ ಮಕ್ಕಳು ತಿಳಿದುಕೊಳ್ತಾರೆ.

ಬಜ್ಪೆಯ ಅಮ್ಮ

ಮೇಡಂ, ನಮ್ಮ ಮನೆಯಲ್ಲೂ ಒಂದು ಡಿಕ್ಲರೇಶನ್ ಕಾಗದ ಉಂಟು. ಯಾವ ಕಡೆಯದ್ದು ಅಂತ ಇಲ್ಲಿ ಹೇಳುವುದಿಲ್ಲ 😊

ಬಿಳಿಕೋಟು

ಮಂಗಳೂರು ಕಡೆ ಸಮುದಾಯ ವೈದ್ಯಕೀಯದಲ್ಲಿ ಇದ್ದೇನೆ. ಈ ಚರ್ಚೆಯಲ್ಲಿ ಡಾಕ್ಟರಿಗೆ ಎಂತ ಕೆಲಸ ಅಂತ ಕೇಳಬೇಡಿ.

ಮಂಗನ ಕಾಯಿಲೆ ಎಲ್ಲರಿಗೂ ಗೊತ್ತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು. ವೈರಸ್ ಯಾವುದು, ಹರಡುವ ಉಣುಗು ಯಾವುದು ಅಂತ ಲ್ಯಾಬ್ ಹೇಳಿತು. 1980ರ ದಶಕದ ಆರಂಭದಲ್ಲಿ ಅದು ನಮ್ಮ ಬೆಳ್ತಂಗಡಿ ಕಡೆಗೂ ಬಂತು. ಆ ಊರಿಗೇ ಯಾಕೆ, ಆಗಲೇ ಯಾಕೆ? ಗೇರು ತೋಪಿಗಾಗಿ ಕಾಡು ಕಡಿದದ್ದು, ಅಲ್ಲಿ ಕೂಲಿಗೆ ಹೋದವರು ಯಾರು, ಊರವರು, ಡಾಕ್ಟರುಗಳು, ಸರ್ಕಾರ ಆ ಜ್ವರವನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಗೆ ಅರ್ಥ ಮಾಡಿಕೊಂಡರು, ಇದನ್ನೆಲ್ಲ ಒಟ್ಟಿಗೆ ಇಟ್ಟು 1987ರಲ್ಲಿ ಬರೆದವರು ಮಾರ್ಕ್ ನಿಕ್ಟರ್, ಅಮೆರಿಕದ ಮಾನವಶಾಸ್ತ್ರಜ್ಞ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಉಳಿದು ಕೆಲಸ ಮಾಡಿದವರು. ಅಭಿವೃದ್ಧಿಯೇ ತಂದ ಕಾಯಿಲೆ ಅಂತ ಅವರು ಇಟ್ಟ ತಲೆಬರಹ ಈಗಲೂ ನಮ್ಮ ಕ್ಷೇತ್ರದಲ್ಲಿ ಉಲ್ಲೇಖ ಆ‌ಗ್ತದೆ. ಅದನ್ನು ಬರೆಯಲಿಕ್ಕೆ ಇಲ್ಲಿನವರು ಒಬ್ಬರೂ ಇರಲಿಲ್ವಾ ಅಂತ ನನಗೆ ಪ್ರತಿ ಸಲ ಅನಿಸ್ತದೆ.

ಫೀಲ್ಡಿಗೆ ಹೋದಾಗ ನಮ್ಮ ಫಾರ್ಮಿನಲ್ಲಿ ಒಂದು ಕಾಲಂ ಇರ್ತದೆ: ಈಚೆಗೆ ಕಾಡಿಗೆ ಹೋಗಿದ್ದಿರಾ, ಹೌದು ಅಥವಾ ಇಲ್ಲ. ಜನ ಇಲ್ಲ ಅಂತಾರೆ. ಹಟ್ಟಿಯಲ್ಲಿ ಹಸಿ ಸೊಪ್ಪು ಹಾಸಿದ್ದು ಕಣ್ಣಿಗೆ ಕಾಣ್ತಾ ಇರ್ತದೆ. ಮೀಸಲು ಅರಣ್ಯದಿಂದ ಸೊಪ್ಪು ತಂದದ್ದು ಹೇಳಿದರೆ ಗಾರ್ಡಿಗೆ ಸುದ್ದಿ ಹೋಗ್ತದೆ ಅಂತ ಹೆದರಿಕೆ. ವಕೀಲರು ಹೇಳಿದ ಕುಮ್ಕಿಯ ವಿಷಯ ಗೊತ್ತಿದ್ದರೆ ನಾನು ಪ್ರಶ್ನೆಯನ್ನೇ ಬೇರೆ ರೀತಿ ಕೇಳ್ತೇನೆ, "ಸೊಪ್ಪಿಗೆ ಯಾವ ಬದಿಗೆ ಹೋಗುವುದು ಅಮ್ಮ?" ಅಂತ. ಆಗ ಉತ್ತರ ಬರ್ತದೆ. ಕಾಲಂ ತಪ್ಪು ತುಂಬಿದರೆ ಮೇಲೆ ಎಷ್ಟು ದೊಡ್ಡ ಸಾಫ್ಟ್‌ವೇರ್ ಹಾಕಿ ವಿಶ್ಲೇಷಣೆ ಮಾಡಿದರೂ ಬರುವುದು ತಪ್ಪೇ.

2019ರಿಂದ ಎಂಬಿಬಿಎಸ್‌ನಲ್ಲಿ ಏಟ್‌ಕಾಮ್ ಅಂತ ಒಂದು ಭಾಗ ಬಂದಿದೆ, ವೈದ್ಯನ ನಡತೆ, ನೀತಿ, ರೋಗಿಯೊಟ್ಟಿಗೆ ಮಾತು. ಒಳ್ಳೆಯದೇ. ಕಲಿಸುವವರು ಅಂಗರಚನೆ, ಔಷಧಶಾಸ್ತ್ರದವರು. ನಾವು ಸ್ಲೈಡ್ ಹಾಕಿ ಸಹಾನುಭೂತಿ ಕಲಿಸುವುದನ್ನು ಒಮ್ಮೆ ಬಂದು ನೋಡಿ. ಮೆಡಿಕಲ್ ಕಾಲೇಜಿನಿಂದ ಹೆಸರು ಮಾಡಿದ ಮಣಿಪಾಲದವರೇ 2010ರಲ್ಲಿ ತತ್ತ್ವಶಾಸ್ತ್ರ, ಮಾನವಿಕಕ್ಕೆ ಅಂತ ಬೇರೆ ಕೇಂದ್ರ ತೆರೆದರು, ಸುಂದರ್ ಸರುಕ್ಕೈ ಅದರ ನಿರ್ದೇಶಕರಾಗಿದ್ದರು. ನಿಮ್ಮ ಮಂಡಳಿಗೆ ಮಾರುಕಟ್ಟೆಯ ಭಾಷೆಯೇ ಅರ್ಥ ಆಗುವುದಾದರೆ ಇದನ್ನು ಹೇಳಿ.

ಸುರತ್ಕಲ್ ಬೈಟ್

ಮಾನವಶಾಸ್ತ್ರ ಸಮಾಜವಿಜ್ಞಾನ ಅಲ್ವಾ ಡಾಕ್ಟ್ರೇ? ಕನ್ನಡ, ಇತಿಹಾಸದ ಖಾತೆಗೆ ಅದನ್ನು ಯಾಕೆ ಜಮಾ ಮಾಡ್ತೀರಿ?

ಬಿಳಿಕೋಟು

ಖಾತೆ ಯಾವುದಾದರೂ ಇರಲಿ, ನಿಮ್ಮ ಕಾಲೇಜಿನವರು ಮುಚ್ಚುವಾಗ ಎರಡನ್ನೂ ಒಟ್ಟಿಗೇ ಮುಚ್ಚುತ್ತಾರೆ.

ಮೂರನೇ ವರ್ಷ

ನಾನು ಜಾನಪದದಲ್ಲಿ ಪಿಎಚ್‌ಡಿ ಮಾಡ್ತಾ ಇದ್ದೇನೆ. ವಿಶ್ವವಿದ್ಯಾಲಯ ಯಾವುದು ಅಂತ ಹೇಳುವುದಿಲ್ಲ, ಗೈಡ್ ಇಲ್ಲಿ ಓದ್ತಾರೆ ಅಂತ ಸಂಶಯ.

ಹೊರಗಿನವರು ಬೈಯುವುದಕ್ಕಿಂತ ಹೆಚ್ಚು ಬೈಯಬೇಕಾದವರು ಒಳಗೇ ಇದ್ದೇವೆ. ಸಂಶೋಧನೆಗೆ ಕೊಡುವ ಫೆಲೊಶಿಪ್ ಜೆಆರ್‌ಎಫ್ ಸಿಕ್ಕಿದವರಿಗೆ ತಿಂಗಳಿಗೆ 37,000 ರೂಪಾಯಿ. ಸಿಗದವರು ಹಗಲು ಟ್ಯೂಷನ್ ಕೊಟ್ಟು ರಾತ್ರಿ ಪ್ರಬಂಧ ಬರೆಯಬೇಕು. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕು ಅನ್ನುವ ನಿಯಮವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿತು. ಒಳ್ಳೆ ಪತ್ರಿಕೆ ಯಾವುದು ಅಂತ ಹೇಳುವ ಕೇರ್ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಿತು. ದುಡ್ಡು ಕೊಟ್ಟರೆ ವಾರದಲ್ಲಿ ಲೇಖನ ಹಾಕುವ ಪತ್ರಿಕೆಗಳು ಮೊದಲೂ ಇದ್ದವು, ಈಗಲೂ ಇವೆ. "ಅವರ ಕಾದಂಬರಿಗಳಲ್ಲಿ ಸ್ತ್ರೀ ಸಂವೇದನೆ, ಒಂದು ಅಧ್ಯಯನ" ಅನ್ನುವ ತಲೆಬರಹದಲ್ಲಿ ಲೇಖಕರ ಹೆಸರು ಮಾತ್ರ ಬದಲಾಯಿಸಿದ ಪ್ರಬಂಧಗಳು ಎಷ್ಟು ಬಂದಿವೆ ಅಂತ ಲೈಬ್ರರಿಯ ಕಪಾಟೇ ಹೇಳ್ತದೆ. ಮಹನೀಯರ ಹೆಸರಿನಲ್ಲಿ ಪೀಠ ಅಂತ ಬೋರ್ಡು ಬೀಳ್ತದೆ, ಹುದ್ದೆ ಬರುವುದಿಲ್ಲ.

ಹಾಗಾದರೆ ಯಾಕೆ ಬಿಟ್ಟು ಹೋಗಲಿಲ್ಲ ಅಂತ ಕೇಳಿದರೆ, ಇಲ್ಲೇ ಆದ ಒಂದು ಕೆಲಸ ನನ್ನ ತಲೆಯಿಂದ ಹೋಗುವುದಿಲ್ಲ. 1990ರ ಡಿಸೆಂಬರಿನಲ್ಲಿ ಉಜಿರೆ ಹತ್ತಿರದ ಮಾಚಾರಿನ ಗೋಪಾಲ ನಾಯ್ಕರು ಆರು ದಿನ ಕೂತು ಸಿರಿ ಎಂಬವಳ ಕಥೆಯ ತುಳು ಕಾವ್ಯ ಹಾಡಿದರು. ಬರೆದಾಗ 15,683 ಸಾಲು ಆಯಿತು. ಫಿನ್ಲೆಂಡಿನ ಲೌರಿ ಹೊಂಕೊ, ಅವರ ಪತ್ನಿ ಅನೇಲಿ ಹೊಂಕೊ, ನಮ್ಮ ವಿವೇಕ ರೈಗಳು, ಚಿನ್ನಪ್ಪ ಗೌಡರು ಸೇರಿ ಅದನ್ನು ಬರಹಕ್ಕೆ ಇಳಿಸಿ, ಇಂಗ್ಲಿಷಿಗೆ ತಂದು 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟಿಸಿದರು. ಅಕ್ಷರದ ಆಸರೆ ಇಲ್ಲದೆ ಹಾಡುವ ಒಬ್ಬ ಬೇಸಾಯಗಾರ ಇಷ್ಟು ದೊಡ್ಡ ಕಾವ್ಯವನ್ನು ಹೇಗೆ ಕಟ್ಟಿಕೊಂಡು ಹೋಗ್ತಾನೆ, ಕೇಳುವವರು ಬದಲಾದರೆ ಹಾಡು ಎಲ್ಲಿ ಹಿಗ್ಗುತ್ತದೆ, ಎಲ್ಲಿ ಕುಗ್ಗುತ್ತದೆ ಅನ್ನುವುದರ ಮೇಲೆ ಹೊಂಕೊ ಒಂದು ದಪ್ಪ ಪುಸ್ತಕವನ್ನೇ ಬರೆದರು. ಮಹಾಕಾವ್ಯಗಳ ಅಧ್ಯಯನ ಮಾಡುವವರು ಜಗತ್ತಿನಲ್ಲಿ ಎಲ್ಲೇ ಇರಲಿ, ನಮ್ಮ ಬೆಳ್ತಂಗಡಿಯ ಆರು ದಿನವನ್ನು ಓದಬೇಕಾಗ್ತದೆ. ತುಳು ಗೊತ್ತಿದ್ದ, ಅದರ ಜೊತೆಗೆ ಸಂಶೋಧನೆಯ ಶಿಸ್ತೂ ಗೊತ್ತಿದ್ದ ಪ್ರಾಧ್ಯಾಪಕರು ಇಲ್ಲಿ ಇರದಿದ್ದರೆ ಫಿನ್ಲೆಂಡಿನವರು ಬಂದು ಯಾರ ಬಾಗಿಲು ತಟ್ಟುತ್ತಿದ್ದರು?

ಕೆಟ್ಟ ಪ್ರಬಂಧ ಬರ್ತದೆ ಅಂತ ವಿಭಾಗ ಮುಚ್ಚಿದರೆ ಒಳ್ಳೆಯದು ಬರುವ ದಾರಿಯೂ ಮುಚ್ಚಿತು. ಒಳಗಿದ್ದು ಜಗಳ ಮಾಡುವುದು ಉತ್ತಮ ಅಂತ ನನ್ನ ಲೆಕ್ಕ.

ಸುರತ್ಕಲ್ ಬೈಟ್

ಇದು ಚೆನ್ನಾಗಿತ್ತು. ಆದರೆ ಒಂದು ಕೇಳ್ತೇನೆ. 2024ರ ಜೂನ್‌ನಲ್ಲಿ ಗೂಗಲ್ ಅನುವಾದಕ್ಕೆ ತುಳು ಸೇರಿತು. ಒಂದೇ ಏಟಿಗೆ 110 ಭಾಷೆ ಹಾಕಿದರು. ಹದಿನೆಂಟು ವರ್ಷದ ಕೆಲಸ ಇನ್ನು ಮುಂದೆ ಮೆಷಿನ್ನೇ ಮಾಡ್ತದಲ್ಲ?

ಹಳೆ ಪುಸ್ತಕದಂಗಡಿ

ಮೊಮ್ಮಗ ತೋರಿಸಿದ, ನೋಡಿದ್ದೇನೆ. ಪೇಟೆಯ ನಾಲ್ಕು ಮಾತು ಸರಿಯಾಗಿ ಹೇಳ್ತದೆ. ಪಾಡ್ದನದ ಎರಡು ಸಾಲು ಹಾಕಿದೆ, ಧೈರ್ಯವಾಗಿ ಏನೋ ಒಂದು ಹೇಳಿತು. ತಪ್ಪು ಅಂತ ನನಗೆ ಗೊತ್ತಾಯಿತು, ಮೊಮ್ಮಗನಿಗೆ ಗೊತ್ತಾಗಲಿಲ್ಲ. ಅವನಿಗೆ ನಂಬಿಕೆ ಬರುವ ಹಾಗೆ ತೋರಿಸಲಿಕ್ಕೆ ನಾನು ನಿಘಂಟು ತೆಗೆಯಬೇಕಾಯಿತು. ಮೆಷಿನ್ ಹೆಚ್ಚಾದಷ್ಟು ಅದರ ಕಿವಿ ಹಿಂಡುವವರೂ ಹೆಚ್ಚಬೇಕು.

2024ರಲ್ಲೇ ಸೆಪ್ಟೆಂಬರಿನಲ್ಲಿ, ಕಂಪ್ಯೂಟರಿಗೆ ಅಕ್ಷರಗಳ ಸಂಕೇತ ಕೊಡುವ ಯೂನಿಕೋಡಿಗೆ ತುಳು-ತಿಗಳಾರಿ ಲಿಪಿ ಸೇರಿದ್ದು ನಿಮಗೆ ಗೊತ್ತಿರಬೇಕು, ನಿಮ್ಮದೇ ಕ್ಷೇತ್ರ. ಒಂದೊಂದು ಅಕ್ಷರಕ್ಕೂ ಇದು ಬಳಕೆಯಲ್ಲಿ ಇತ್ತು ಅಂತ ಪುರಾವೆ ಇಡಬೇಕು. ಪುರಾವೆ ಎಲ್ಲಿಂದ? ಮಠಗಳಲ್ಲಿ, ಮನೆಗಳ ಅಟ್ಟದಲ್ಲಿ ಇದ್ದ ಓಲೆಗರಿಗಳಿಂದ. ಅವನ್ನು ಓದಿ ಪಟ್ಟಿ ಮಾಡಿದವರು ಮಾನವಿಕದ ಜನ. ಕೋಡು ಬರೆಯುವವನ ಕೆಲಸ ಅದರ ನಂತರ.

ಪಡುಬಿದ್ರಿ ಪಾಸೆಂಜರ್

ಇಷ್ಟು ಬರ್ತದೆ ಅಂತ ಎಣಿಸಿರಲಿಲ್ಲ. ವಕೀಲರ ಮಾತು, ಡಾಕ್ಟ್ರ ಸೊಪ್ಪಿನ ಮಾತು ಸಭೆಯಲ್ಲಿ ಹೇಳಬಹುದು, ಮಂಡಳಿಯವರಿಗೆ ತಟ್ಟುತ್ತದೆ. ಇಬ್ಬರು ಟ್ರಸ್ಟಿಗಳಿಗೆ ತಮ್ಮದೇ ಜಾಗದ ವ್ಯಾಜ್ಯ ಉಂಟು!

ಲೆಕ್ಕದ ಒಂದು ಪ್ರಶ್ನೆ. ಒಂದೆರಡು ವರ್ಷ ನಿಲ್ಲಿಸಿ ಮಕ್ಕಳು ಬಂದರೆ ಪುನಃ ಶುರು ಮಾಡುವ ಅಂತ ಒಬ್ಬರು ಹೇಳಿದ್ದಾರೆ. ಮಧ್ಯದ ದಾರಿ ಅಂತ ಹಲವರು ಒಪ್ಪುವ ಹಾಗಿದ್ದಾರೆ. ಅದು ಆಗುವ ಮಾತಾ?

ಹಳೆ ಪುಸ್ತಕದಂಗಡಿ

ಅದಕ್ಕೆ ಮಾತ್ರ ಒಪ್ಪಬೇಡಿ. ನಿಮ್ಮದು ಅನುದಾನಿತ ಕಾಲೇಜು ಅಂತಾದರೆ ಮೊದಲು ಕೇಳಬೇಕಾದ್ದು, ಇತಿಹಾಸಕ್ಕೆ ಮಂಜೂರಾದ ಹುದ್ದೆ ಉಂಟಾ, ಈಗ ಅದರಲ್ಲಿ ಯಾರಿದ್ದಾರೆ, ಯಾವಾಗ ನಿವೃತ್ತಿ. ಕಾಂಬಿನೇಶನ್ ನಿಂತರೆ ವರ್ಕ್‌ಲೋಡ್ ಇಲ್ಲ. ವರ್ಕ್‌ಲೋಡ್ ಇಲ್ಲದ ಹುದ್ದೆಗೆ ಜನ ಕೊಡಿ ಅಂತ ಇಲಾಖೆಯನ್ನು ಕೇಳಲಿಕ್ಕೆ ಮುಖ ಇರುವುದಿಲ್ಲ. ಪುನಃ ಶುರು ಮಾಡುವುದಾದರೆ ವಿಶ್ವವಿದ್ಯಾಲಯದಿಂದ ಹೊಸದಾಗಿ ಸಂಯೋಜನೆ ತೆಗೆದುಕೊಳ್ಳಬೇಕು, ಶುಲ್ಕ ಕಟ್ಟಬೇಕು, ಎಲ್‌ಐಸಿಯವರು, ಅಂದರೆ ವಿಶ್ವವಿದ್ಯಾಲಯದ ಸ್ಥಳೀಯ ವಿಚಾರಣಾ ಸಮಿತಿಯವರು, ಬಂದು ನೋಡಬೇಕು. ನನ್ನ ಕಾಲದಲ್ಲಿ ತಾತ್ಕಾಲಿಕವಾಗಿ ನಿಂತದ್ದು ಯಾವುದೂ ಪುನಃ ಶುರುವಾದದ್ದು ನಾನು ಕಂಡಿಲ್ಲ. ಸಭೆಯ ನಡಾವಳಿ ಪುಸ್ತಕದಲ್ಲಿ ಈ ಪ್ರಶ್ನೆ ಬರೆಸಿ. ಬಾಯಿಮಾತು ಸಾಲದು.

ಸುರತ್ಕಲ್ ಬೈಟ್

ನನ್ನ ಓಟು ಈಗಲೂ ಮುಚ್ಚುವುದಕ್ಕೇ. ಹೀಗೆ ನಡೆಸುವುದಕ್ಕಿಂತ ಮುಚ್ಚುವುದೇ ಮೇಲು. ಆದರೆ ಮೇಡಮ್ಮನ ಕಪಾಟಿನ ಕಾಗದದ ಪ್ರಾಜೆಕ್ಟ್ ಇದ್ದದ್ದೇ ಹೌದಾದರೆ ಅದನ್ನು ಬಿಎಯವರಿಗೆ ಮಾತ್ರ ಯಾಕೆ ಇಟ್ಟಿದ್ದೀರಿ? ನಮ್ಮ ಬಿಸಿಎ ಮಕ್ಕಳಿಗೆ ಡೇಟಾಬೇಸ್ ಕಲಿಸುವಾಗ ಈಗಲೂ ಲೈಬ್ರರಿ ಮ್ಯಾನೇಜ್‌ಮೆಂಟ್ ಅಂತ ಅದೇ ಹಳಸಲು ಉದಾಹರಣೆ. ಒಂದು ಗ್ರಾಮದ ಡಿಕ್ಲರೇಶನ್ ಕಾಗದಗಳನ್ನು ಸ್ಕ್ಯಾನ್ ಮಾಡಿ ಹುಡುಕುವ ಹಾಗೆ ಇಡುವುದು ಒಳ್ಳೆ ಪ್ರಾಜೆಕ್ಟ್.

ಅತಿಥಿ ಉಪನ್ಯಾಸಕಿ

ಇಡಬಹುದು ಸರ್. ಆದರೆ ಸ್ಕ್ಯಾನರ್ ತರುವ ಮೊದಲು ಒಂದು ಕೆಲಸ ಉಂಟು, ಕಾಗದ ಕೊಡುವ ಮನೆಯವರ ಒಪ್ಪಿಗೆ. ಸೀರೆಯ ಅಡಿಯಲ್ಲಿ ಇಟ್ಟ ಆ ಅಜ್ಜಿ ಮೊಮ್ಮಗಳಿಗೆ ತೋರಿಸಿದ್ದು ಊರಿಗೆಲ್ಲ ಕಾಣಲಿ ಅಂತ ಅಲ್ಲ. ಯಾರ ಹೆಸರು ಮರೆಸಬೇಕು, ಯಾರಿಗೆ ನೋಡಲಿಕ್ಕೆ ಬಿಡಬೇಕು ಅಂತ ಮೊದಲು ಕೂತು ತೀರ್ಮಾನ ಮಾಡಬೇಕು. ನಿಮ್ಮ ಮಕ್ಕಳನ್ನು ಕರೆದುಕೊಂಡು ಬನ್ನಿ, ನನ್ನವರನ್ನೂ ಕೂರಿಸ್ತೇನೆ. ಶನಿವಾರ ಮಧ್ಯಾಹ್ನದ ಮೇಲೆ ಆಗ್ತದಾ? ಉಳಿದ ದಿನ ನನಗೆ ಇನ್ನೊಂದು ಕಾಲೇಜಿನಲ್ಲಿ ಕ್ಲಾಸು ಉಂಟು.